ಬಿಸಿ ಬಲ್ಬಿನ ರೋಧ

ನಲವತ್ತಾರು ವರ್ಷದ ಹೆಂಗಸು ಒಂದೇ ಬೆಳಿಗ್ಗೆ ಮೂರು ಸಲ ತಲೆ ಬಾಚಿಕೊಂಡರೆ ಅವಳಿಗೆ ಏನೋ ಆಗಿದೆ ಎಂದೇ ಅರ್ಥ. ನನಗೆ ಆಗಿತ್ತು. ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಹೀಟರಿಗೆ ಸುತ್ತಬೇಕಾದ ಕಾಯಿಲನ್ನು ಕೆಟಲಿನ ಅಳತೆಗೆ ಸುತ್ತಿ, ನಾಲಿಗೆ ಕಚ್ಚಿಕೊಂಡು ಬಿಚ್ಚಿ, ಮತ್ತೆ ಕೆಟಲಿನ ಅಳತೆಗೇ ಸುತ್ತಿಟ್ಟಿದ್ದೆ.

ಕಾಯಿಲ್ ಸುತ್ತುವುದೇ ನನ್ನ ಕಸುಬು. ಮನೆಯ ಮುಂದಿನ ಕೋಣೆಯೇ ಅಂಗಡಿ. ಮಗಳ ಅಪ್ಪ ತೀರಿಹೋಗಿ ಹನ್ನೊಂದು ವರ್ಷವಾಯಿತು. ಮೂರು ತಿಂಗಳ ಹಿಂದೆ ಲಿಫ್ಟ್ ರಿಪೇರಿಯವರೊಬ್ಬರು ಸುಟ್ಟುಹೋದ ಬ್ರೇಕ್ ಕಾಯಿಲ್ ಹಿಡಿದುಕೊಂಡು ಬಂದರು. ಆಮೇಲೆ ಸುಡದೇ ಇರುವ ಕಾಯಿಲ್‌ಗಳನ್ನೂ ತರತೊಡಗಿದರು. ಎಷ್ಟೆಂದು ಅರ್ಥವಾಗದವಳ ಹಾಗೆ ಇರಲಿ? ಮದುವೆಯಾಗೋಣವೇ ಎಂದು ಕೊನೆಗೆ ಅವರೇ ಕೇಳಿದರು. ನಾನು, "ಮಗಳು ಒಪ್ಪಿದ್ರೆ ಮದುವೆ, ಇಲ್ದಿದ್ರೆ ಇಲ್ಲ" ಎಂದುಬಿಟ್ಟೆ.

ಮಗಳನ್ನು ನಾನು ಕರೆಯುವುದು ಚೂಟಿ ಎಂದು, ಕಾಲೇಜಿನ ಮೊದಲ ವರ್ಷ. ವಿಷಯ ಹೇಳಿದ ದಿನದಿಂದ ಮುಖ ಗಂಟು ಹಾಕಿಕೊಂಡೇ ಓಡಾಡುತ್ತಿದ್ದಳು. ಕೊನೆಗೆ, "ಭಾನುವಾರ ಬರಕ್ಕೆ ಹೇಳು. ಪರೀಕ್ಷೆ ಮಾಡ್ತೀನಿ. ಲೆಕ್ಕ ಬರದೋರು ಈ ಮನೆಗೆ ಬೇಡ" ಎಂದು ಅಪ್ಪಣೆ ಕೊಡಿಸಿದಳು.

ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. ಚೂಟಿ ನನ್ನ ಕೆಲಸದ ಮೇಜಿನ ಹಿಂದೆ ಕುರ್ಚಿ ಹಾಕಿ ಕೂತಿದ್ದಳು. ಕೈಯಲ್ಲಿ ಒಂದು ಬಲ್ಬು. ಅದರ ಮೇಲೆ ಎಷ್ಟು ವಾಟ್ ಎಂದಿದ್ದ ಅಚ್ಚನ್ನು ಉಜ್ಜಿ ಅಳಿಸಿದ್ದಳು, ಕಿಲಾಡಿ.

"ಕೂತ್ಕೊಳ್ಳಿ. ರೋಧ ಎಷ್ಟು?"

ಇಪ್ಪತ್ತೆಂಟು ವರ್ಷ ಓಮ್ಸ್, ವಾಟ್ಸ್ ಎಂದೇ ಕೆಲಸ ಮಾಡಿದವರಿಗೆ ಪಠ್ಯಪುಸ್ತಕದ ಮಾತು ಹೇಗೆ ತಿಳಿಯಬೇಕು?

"ವಿರೋಧಾನಾ?" ಅವರು ಗಾಬರಿಯಾದರು. "ನಮ್ಮ ಕಡೆಯಿಂದ ಏನೂ ಇಲ್ಲಮ್ಮಾ. ನಮ್ಮಕ್ಕನೂ ಒಪ್ಪಿದಾರೆ."

ನಾನು ಕುಡಿಯುತ್ತಿದ್ದ ನೀರು ಮೂಗಿನಲ್ಲಿ ಬಂತು.

"ರೋಧ, ರೋಧ! ಆಮೇಲೆ ಸಾಮರ್ಥ್ಯಾನೂ ಹೇಳ್ಬೇಕು."

"ಸಾಮರ್ಥ್ಯ ಅಂದ್ರೆ..." ಅವರು ಎದೆ ನೆಟ್ಟಗೆ ಮಾಡಿದರು. "ನಾಲ್ಕು ಮಹಡಿ ಈಗ್ಲೂ ಒಂದೇ ಉಸಿರಿಗೆ ಹತ್ತೀನಿ."

"ಬಲ್ಬಿಂದು ಕಣ್ರೀ! ಓಮ್ಸ್ ಎಷ್ಟು, ವಾಟ್ಸ್ ಎಷ್ಟು ಅಂತ!" ಎಂದು ನಾನು ಕೂಗಿದೆ.

"ಅಮ್ಮಾ, ನೀನು ಬಾಯಿ ಬಿಟ್ರೆ ಪರೀಕ್ಷೆ ರದ್ದು!"

ಅವರು ಜೇಬಿನಿಂದ ಮೀಟರ್ ತೆಗೆದು ಬಲ್ಬಿಗೆ ಕಡ್ಡಿ ಮುಟ್ಟಿಸಿದರು. "ನಲವತ್ತು ಓಮ್ಸ್."

ಚೂಟಿಯ ಕಣ್ಣು ಮಿನುಗಿತು. ಇದಕ್ಕೇ ಕಾಯುತ್ತಿದ್ದಳು. ಬಲ್ಬನ್ನು ಹೋಲ್ಡರಿಗೆ ಹಾಕಿ ಸ್ವಿಚ್ ಒತ್ತಿದಳು. ಮೇಜಿನ ಮೀಟರುಗಳು ಇನ್ನೂರ ಮೂವತ್ತು ವೋಲ್ಟ್, ಸೊನ್ನೆ ಬಿಂದು ನಾಲ್ಕು ಮೂರು ಆಂಪಿಯರ್ ತೋರಿಸಿದವು.

"ವೋಲ್ಟನ್ನ ಆಂಪಿಯರಿಂದ ಭಾಗಿಸಿ. ಐನೂರ ಮೂವತ್ತೈದು ಓಮ್. ಎರಡನ್ನೂ ಗುಣಿಸಿ. ತೊಂಬತ್ತೊಂಬತ್ತು ವಾಟ್. ನಿಮ್ಮ ನಲವತ್ತೇ ನಿಜ ಆಗಿದ್ರೆ ಸಾವಿರದ ಮುನ್ನೂರು ವಾಟ್ ಎಳೀಬೇಕಿತ್ತು. ಇದೇನು ಬಲ್ಬಾ, ಇಸ್ತ್ರಿಪೆಟ್ಟಿಗೆನಾ?"

ತಪ್ಪು ಎಲ್ಲಿದೆ ಎಂದು ನನಗೆ ಗೊತ್ತು. ದಿನವೂ ತಂತಿಯ ಜೊತೆ ಬಾಳುವವಳು ನಾನು. ಆದರೆ ಬಾಯಿ ಬಿಟ್ಟರೆ ರದ್ದು. ಒಂದು ಬಲ್ಬು ನನ್ನ ಮದುವೆ ಮುರಿಯುತ್ತಿದೆ, ನಾನು ಸೆರಗಿನ ತುದಿ ಕಚ್ಚಿಕೊಂಡು ನಿಂತಿದ್ದೇನೆ.

ಅವರು ತಲೆ ಕೆರೆದುಕೊಂಡರು. "ನಿನ್ನ ಲೆಕ್ಕ ತಪ್ಪಿಲ್ಲಮ್ಮಾ. ನನ್ನ ಮೀಟರೂ ತಪ್ಪಿಲ್ಲ. ಹಾಗಾದ್ರೆ ಬಲ್ಬೇ ಏನೋ ಆಟ ಆಡ್ತಿದೆ. ವೋಲ್ಟೇಜ್ ಇಳಿಸ್ತೀನಿ, ನೀನು ಲೆಕ್ಕ ಹಾಕ್ತೀಯಾ? ನನಗೆ ಭಾಗಾಕಾರ ನಿಧಾನ."

ಮೇಜಿನ ಮೇಲೆ ವೋಲ್ಟೇಜ್ ಏರಿಸಿ ಇಳಿಸುವ ಪೆಟ್ಟಿಗೆಯಿತ್ತು. ಅವರು ತಿರುಪನ್ನು ನೂರಕ್ಕೆ ತಂದರು. ಬಲ್ಬು ಕೆಂಪಗಾಯಿತು.

"ಸೊನ್ನೆ ಬಿಂದು ಎರಡು ಏಳು. ಅಂದ್ರೆ... ಮುನ್ನೂರ ಎಪ್ಪತ್ತಾ?" ಚೂಟಿ ಹುಬ್ಬು ಗಂಟಿಕ್ಕಿದಳು. "ಇನ್ನೂ ಇಳಿಸಿ."

ಇಪ್ಪತ್ತು ವೋಲ್ಟಿಗೆ ನೂರ ಎಂಬತ್ತೆರಡು. ಅವಳು ಕುರ್ಚಿ ಬಿಟ್ಟೆದ್ದಳು. "ಇನ್ನೂ! ಇನ್ನೂ!" ಇಬ್ಬರ ತಲೆಗಳೂ ಮೀಟರಿನ ಮೇಲೆ ಬಗ್ಗಿ ಒಂದಕ್ಕೊಂದು ಡಿಕ್ಕಿ ಹೊಡೆದವು. ಇಬ್ಬರೂ ಲೆಕ್ಕಿಸಲಿಲ್ಲ.

"ತಂಪಾದಷ್ಟೂ ಕಮ್ಮಿ ಆಗ್ತಿದೆ! ನೀವು ಅಳೆದಿದ್ದು ತಣ್ಣಗಿರೋ ಬಲ್ಬು, ನಾನು ಅಳೆದಿದ್ದು ಉರೀತಿರೋದು! ಇಬ್ಬರದೂ ಸರಿ!" ಚೂಟಿ ಕುಣಿದಳು. ಅವರೂ ಕುಣಿದರು, ಐವತ್ತರ ಗಂಡಸು. ನನ್ನ ತಂತಿಯ ಉರುಳೆಗಳು ಮೇಜಿನಿಂದ ಬಿದ್ದು ಬೀದಿಯವರೆಗೂ ಉರುಳಿಕೊಂಡು ಹೋದವು. ಅವರಿಗೆ ಉತ್ತರ ಮೊದಲೇ ಗೊತ್ತಿತ್ತೋ ಇಲ್ಲವೋ, ಇವತ್ತಿಗೂ ಬಾಯಿ ಬಿಟ್ಟಿಲ್ಲ.

ಚೂಟಿ ಓಡಿಹೋಗಿ ಕಾಲೇಜಿನ ಪ್ರಯೋಗದ ಪುಸ್ತಕ ತಂದಳು. ನಾಲ್ಕು ಸಾಲಿನ ಪಟ್ಟಿ ಬರೆದಳು. ಪುಟದ ಕೆಳಗೆ 'ಪ್ರಯೋಗಕ್ಕೆ ನೆರವಾದವರು' ಎಂದಿದ್ದ ಕಡೆ ಪೆನ್ನು ನಿಂತಿತು.

"ಇವರನ್ನ ಏನಂತ ಬರೀಲಿ?"

ಅವರು ಮೀಟರಿನ ತಂತಿ ಸುತ್ತುತ್ತಾ, "ಲಿಫ್ಟಿನವರು ಅಂತ್ಲೇ ಬರಿಯಮ್ಮಾ, ಸಾಕು" ಎಂದರು.

ಚೂಟಿ ಪೆನ್ನಿನ ತುದಿ ಕಚ್ಚಿದಳು. ನನ್ನ ಮುಖ ನೋಡಿದಳು, ಅವರ ಮುಖ ನೋಡಿದಳು. ಆಮೇಲೆ ದುಂಡಗೆ ಬರೆದು ಪುಸ್ತಕವನ್ನು ನನ್ನ ಕಡೆ ತಿರುಗಿಸಿದಳು.

'ನಮ್ಮ ಮನೆಯವರು.'

ಹೆಂಗಸರು ಗಂಡನನ್ನು ಹೆಸರು ಹಿಡಿದು ಕರೆಯಲಾರದೆ ಹೇಳುವ ಮಾತು ಅದು. ಹನ್ನೊಂದು ವರ್ಷದಿಂದ ನನ್ನ ಬಾಯಿಗೆ ಬಂದಿರಲಿಲ್ಲ.

"ತಪ್ಪಾಯ್ತಾ ಅಮ್ಮಾ?" ಎಂದಳು.

"ಇಲ್ಲ ಕಣೇ" ಎಂದೆ. ಕಣ್ಣು ಮಂಜಾಗಿತ್ತು, ನಗು ತಡೆಯಲಾಗುತ್ತಿರಲಿಲ್ಲ. "ನಮ್ಮ ಮನೆಯವರು ಕುಣಿದೂ ಕುಣಿದೂ ಸುಸ್ತಾಗಿದಾರೆ, ಕುಡಿಯಕ್ಕೆ ನೀರು ಕೊಡು."