ಗುರುಬಾಯಿ ಹತ್ತಿದ ಕಡಲ ದೋಣಿ

ಜಮಖಂಡಿಯಲ್ಲಿ ಫೈಬರ್ ಬಾಗಿಲು, ನೀರಿನ ಟಾಕಿ ಮಾಡುವ ಶ್ರೀಧರನಿಗೆ ಮೊದಲಿನಿಂದಲೂ ದೋಣಿಯ ಹುಚ್ಚು. ಮೀನು ತಿನ್ನದ ಮನೆತನ, ಆದರೂ ಹುಚ್ಚು. ಕಾರವಾರದ ಗೆಳೆಯನೊಬ್ಬ, ಕಡಲಲ್ಲಿ ಒಬ್ಬನೇ ಕೂತು ಗಾಳ ಹಾಕುವಂಥ ಕಯಾಕ್ ಎಂಬ ಕಿರಿದಾದ ದೋಣಿ ಬೇಕು ಎಂದಾಗ ಮಳೆಗಾಲವಿಡೀ ದುಡಿದು ಕೆಂಪು ಬಣ್ಣದ್ದೊಂದನ್ನು ಮಾಡಿದ. ಕಳಿಸುವ ಮೊದಲು ದೊಡ್ಡ ನೀರಿನಲ್ಲಿ ಬಿಟ್ಟು ನೋಡಬೇಕಿತ್ತು. ಟೆಂಪೋಕ್ಕೆ ಕಟ್ಟಿಕೊಂಡು ಬೀಳಗಿ ಕಡೆಯ ಹಿನ್ನೀರಿಗೆ ತಂದ. ಅಲ್ಲಿ ಕೃಷ್ಣೆ ಹೊಳೆಯಂತೆ ಕಾಣುವುದಿಲ್ಲ. ಗಾಳಿ ಎದ್ದರೆ ತೆರೆಗಳು ದಂಡೆಗೆ ಬಡಿಯುತ್ತವೆ.

ಅದನ್ನು ಹತ್ತಿ ನೋಡಲು ಅಲ್ಲಿಯ ಮೀನುಗಾರ ದುರಗೇಶನನ್ನು ಯಾರೋ ತೋರಿಸಿಕೊಟ್ಟಿದ್ದರು. ಅವನು ದೋಣಿಯನ್ನು ಉದ್ದಕ್ಕೂ ಸವರಿದ, ಗಾಳದ ಕೋಲು ಸಿಕ್ಕಿಸುವ ತೂತಿನಲ್ಲಿ ಬೆರಳಿಟ್ಟು ನೋಡಿದ.

"ಛಲೋ ಮಾಡೀರಿ ಸರ. ಆದ್ರ ನಾ ಹತ್ತೂದಿಲ್ಲ."

ಶ್ರೀಧರನಿಗೆ ಕಾರಣ ತಿಳಿಯಲಿಲ್ಲ. ಊರಿಗೆಲ್ಲ ತಿಳಿದಿತ್ತು. ಎರಡು ವರ್ಷದ ಹಿಂದೆ ಬಿರುಗಾಳಿಗೆ ಹರಗೋಲು ಮಗುಚಿ ದುರಗೇಶನ ಅಣ್ಣ ರಾಮಲಿಂಗಪ್ಪ ತೀರಿಕೊಂಡಿದ್ದ. ದುರಗೇಶ ಬದುಕಿ ಬಂದ. ಅಂದಿನಿಂದ ನೀರಿಗಿಳಿದಿಲ್ಲ; ದಂಡೆಯಲ್ಲಿ ಕೂತು ಬಲೆ ಹೆಣೆಯುತ್ತಾನೆ. ಆ ದಿನ ನೀರಿನಲ್ಲಿ ಏನಾಯಿತೆಂದು ಹೆಂಡತಿಗೂ ಹೇಳಿರಲಿಲ್ಲ.

ಹೆಂಡತಿ ಗುರುಬಾಯಿ ಬುಟ್ಟಿ ಕೆಳಗಿಟ್ಟಳು. "ನಾ ಕೂಡ್ತೇನ್ರಿ ಸರ."

"ನಿಮಗ ಈಸಾಕ ಬರ್ತೈತೇನ್ರಿ ಅಕ್ಕಾರ?"

"ಹೊಳಿ ದಂಡಿ ಮ್ಯಾಲ ಹುಟ್ಟೇನ್ರಿ."

ಗಂಡ ಬಲೆಯನ್ನು ಮಡಿಲಿಗೆಳೆದುಕೊಂಡ. ಶ್ರೀಧರ ಅವಳಿಗೆ ಲೈಫ್ ಜಾಕೆಟ್ ಬಿಗಿದ, ಎರಡೂ ತುದಿಗೆ ಅಲಗಿರುವ ಹುಟ್ಟನ್ನು ಕೈಗೆ ಕೊಟ್ಟ. ಗುರುಬಾಯಿ ಸೀರೆಯ ಕಚ್ಚೆ ಕಟ್ಟಿ ಕಾಲು ಚಾಚಿ ಕೂತಳು. ಮೊದಲು ದೋಣಿ ಅತ್ತಿತ್ತ ಓಲಾಡಿತು. ಹರಗೋಲು ತಿರುಗುತ್ತ ಸಾಗುತ್ತದೆ, ಇದು ನೆಟ್ಟಗೆ ಬಾಣದಂತೆ ಓಡುತ್ತಿತ್ತು. ಮೊದಲು ವರ್ಷಗಟ್ಟಲೆ ಗಂಡನ ಹಿಂದೆ ಕೂತು ಬಲೆ ಬಿಟ್ಟವಳಿಗೆ ಮುಂದೆ ಬರೀ ನೀರು ಕಾಣುವುದು ಹೊಸದು. ಅವಳು ಹುಟ್ಟು ಹಾಕುತ್ತಲೇ ಹೋದಳು.

ಬಿಸಿಲೇರಿದಂತೆ ಗಾಳಿ ಎದ್ದಿತು. ದೂರದಲ್ಲಿ ಕೆಂಪು ದೋಣಿ ನಿಂತಂತೆ ಕಂಡಿತು. ಹುಟ್ಟು ಆಡುತ್ತಿರಲಿಲ್ಲ.

"ಹಂಗ್ಯಾಕ ನಿಂತಾರ?" ಎಂದ ಶ್ರೀಧರ. ಕೂಗಿದ. ಉತ್ತರ ಬರಲಿಲ್ಲ.

ಮಗ್ಗುಲಲ್ಲಿ ದುರಗೇಶ ಇರಲಿಲ್ಲ. ಬೋರಲು ಹಾಕಿದ್ದ ಪಕ್ಕದವರ ಹರಗೋಲನ್ನು ಎತ್ತಿ ನೀರಿಗೆ ದಬ್ಬುತ್ತಿದ್ದ. ಅದರಲ್ಲಿ ಹಾರಿ ಕೂತ. ಹುಟ್ಟು ಹಾಕಿದ.

ಹತ್ತಿರ ಹೋದಾಗ ಗುರುಬಾಯಿ ಹುಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದಳು. ತೆರೆ ದೋಣಿಯನ್ನು ಎತ್ತಿ ಇಳಿಸುತ್ತಿತ್ತು.

"ಏನಾತು?" ಅವನಿಗೆ ಏದುಸಿರು.

"ಏನೂ ಆಗಿಲ್ಲ. ಇಲ್ಲಿ ಸಮಾಧಾನ ಅನಸ್ತು, ಕುಂತೆ." ಆಮೇಲೆ ಅವನನ್ನೂ ಹರಗೋಲನ್ನೂ ನೋಡಿದಳು. "ನೀವು ಬಂದ್ರಿ."

ಅವನು ಸಿಟ್ಟಾಗುತ್ತಾನೆಂದು ಅಂದುಕೊಂಡಳು. ಅವನು ಕಯಾಕಿನ ಅಂಚು ಹಿಡಿದುಕೊಂಡ. ಎರಡೂ ಒಟ್ಟಿಗೆ ತೇಲತೊಡಗಿದವು. ಅವನೇ ಮಾತು ತೆಗೆದ.

"ಇಲ್ಲೇ ಎಲ್ಲೋ ಮಗಚಿತ್ತು. ಇಬ್ರೂ ಅದರ ಅಂಚಿಗೆ ಜೋತ ಬಿದ್ದಿದ್ವಿ. ಇಬ್ರನ್ನ ತಡಿಯಲಿಲ್ಲ, ಮುಳಗಾಕತ್ತಿತ್ತು. ಅಣ್ಣ ನನ್ನ ಮಾರಿ ನೋಡಿದ. 'ನಾ ಈಸ್ಕೋತ ಹೋಗ್ತೇನಿ, ನೀ ಬಿಡಬ್ಯಾಡ' ಅಂದ. ಅವನ ರಟ್ಟಿ ಬಿದ್ದು ವರ್ಷಾಗಿತ್ತು, ಕೈ ಮ್ಯಾಲೆತ್ತಾಕ ಬರ್ತಿದ್ದಿಲ್ಲ. ಅವಗೂ ಗೊತ್ತಿತ್ತು, ನನಗೂ ಗೊತ್ತಿತ್ತು."

ಗುರುಬಾಯಿ ಅವನ ಕೈ ಮೇಲೆ ಕೈಯಿಟ್ಟಳು. ತಮ್ಮನನ್ನು ಬಿಟ್ಟು ಅಣ್ಣ ಈಸಿ ಹೋದನಂತೆ ಎಂದು, ದೂರದಿಂದ ಕಂಡ ಊರವರು ಆಡಿಕೊಂಡಿದ್ದು, ಅದನ್ನು ಕೇಳಿ ರಾಮಲಿಂಗಪ್ಪನ ಹೆಂಡತಿ ಯಲ್ಲಕ್ಕ ತಲೆ ತಗ್ಗಿಸಿದ್ದು ಅವಳಿಗೆ ನೆನಪಾಯಿತು.

"ಯಲ್ಲಕ್ಕಗ ಇದು ಗೊತ್ತಿಲ್ಲ," ಎಂದಳು.

"ಹೆಂಗ ಹೇಳ್ಲಿ? ನಿನ್ನ ಗಂಡ ತಾನಽ ಕೈ ಬಿಟ್ಟ ಅಂತನಾ?"

"ತಮ್ಮನ್ನ ಉಳಿಸಾಕ ಬಿಟ್ಟ ಅಂತ."

ದಂಡೆಗೆ ಬಂದಾಗ ಶ್ರೀಧರ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದ. ದೋಣಿ ಹೇಗಿತ್ತೆಂದು ಕೇಳಲು ಅವನಿಗೆ ಸಂಕೋಚವಾಯಿತು. ಗುರುಬಾಯಿಯೇ ಹೇಳಿದಳು: ಗಾಳಕ್ಕೆ ಅಡ್ಡಿಯಿಲ್ಲ, ಬಲೆ ಎಳೆಯಲು ಬಾರದು, ಬೆನ್ನು ಆನಿಸುವ ಹಲಗೆ ಇನ್ನಷ್ಟು ಹಿಂದಕ್ಕಿರಲಿ. ಅವನು ತಲೆಯಾಡಿಸುತ್ತ ಕೇಳಿದ. ಮೂವರೂ ಸೇರಿ ಅದನ್ನು ಟೆಂಪೋಕ್ಕೆ ಕಟ್ಟಿದರು.

ಟೆಂಪೋ ಹೋದ ಮೇಲೆ ಗಂಡಹೆಂಡತಿ ಮನೆಗೆ ತಿರುಗಲಿಲ್ಲ. ಒದ್ದೆ ಬಟ್ಟೆಯಲ್ಲೇ ಯಲ್ಲಕ್ಕನ ಓಣಿಗೆ ನಡೆದರು. ಅವಳು ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು. ಮೈದುನನ ಬಟ್ಟೆ ನೋಡಿ ಮೊರ ಕೆಳಗಿಟ್ಟಳು.

"ನೀರಿಗಿ ಇಳದಿದ್ದಿ ಏನಪಾ?"

"ಇಳದಿದ್ದೆ ವೈನಿ," ಎನ್ನುತ್ತ ದುರಗೇಶ ಅವಳ ಕಾಲ ಬಳಿ ನೆಲದ ಮೇಲೆ ಕೂತ. "ಒಂದು ಮಾತು ಹೇಳೂದೈತಿ."