ಎತ್ತರದ ಗಾಡಿಗೆ ಎರಡು ಗುಂಡಿ

ಮಗಳು ರೋನಾ ತನ್ನ ಪಿಕಪ್ ಗಾಡಿಯನ್ನು ದೊಡ್ಡ ಚಕ್ರ ಹಾಕಿ ಎತ್ತರಿಸಿ ತಂದ ದಿನ ಆರ್ವಿನ್ ಅದರ ಸುತ್ತ ಒಂದು ಸುತ್ತು ಬಂದು, ನಕ್ಷತ್ರ ಕೀಳುವುದಕ್ಕೆ ಹೊರಟಿದ್ದೀಯಾ ಎಂದು ಕೇಳಿದ್ದ. ಹಂಗಿಸಿದ್ದು ಬಾಯಿಮಾತಿಗೆ. ಗಾಡಿಯಡಿ ಮಲಗಿ ಅಷ್ಟನ್ನೂ ಅವಳೇ ಮಾಡಿದ್ದಳೆಂದು ಒಳಗೊಳಗೇ ಹೆಮ್ಮೆ.

ಅವನಿಗೆ ಬೇಕಾಗಿದ್ದು ಒಂದೇ, ಈ ವರ್ಷವೂ ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಯ ಬಿಡಾರಕ್ಕೆ ಹೋಗುವುದು. ಅಮೆರಿಕದ ಐಡಾಹೊದ ಆ ಬೆಟ್ಟದಲ್ಲಿ ಹಳೆಯ ಗೆಳೆಯರೆಲ್ಲ ಸೇರುತ್ತಾರೆ. ಮಂಡಿ ಕೈಕೊಟ್ಟ ಮೇಲೆ ಡೇರೆಯಲ್ಲಿ ನೆಲದ ಮೇಲೆ ಮಲಗುವುದು ಆಗದ ಮಾತು. ಉಳಿದಿದ್ದು ಕ್ಯಾಂಪರ್: ಪಿಕಪ್ಪಿನ ಬೆನ್ನ ಮೇಲೆ ಕೂರಿಸುವ ಪುಟ್ಟ ಮನೆ, ಹಿಂದೆ ಅವನೇ ಹಲಗೆ ಜೋಡಿಸಿ ಕಟ್ಟಿದ್ದು. ಅದನ್ನು ಹೊರುತ್ತಿದ್ದ ಹಳೆಯ ಗಾಡಿ ಗುಜರಿಗೆ ಹೋಗಿತ್ತು, ಈಗ ರೋನಾಳ ಗಾಡಿಯೇ ಗತಿ.

ಕ್ಯಾಂಪರ್ ಹಿತ್ತಲಲ್ಲಿ ನಾಲ್ಕು ಕಬ್ಬಿಣದ ಕಾಲುಗಳ ಮೇಲೆ ನಿಂತಿತ್ತು, ಅದರಡಿಗೆ ಗಾಡಿ ತೂರಬೇಕಿತ್ತು. ರೋನಾ ಹಿಡಿಕೆ ತಿರುಗಿಸಿ ಕಾಲುಗಳನ್ನು ಪೂರ್ತಿ ಉದ್ದ ಮಾಡಿದರೂ ಗಾಡಿಯೇ ಒಂದು ಗೇಣು ಮೇಲಿತ್ತು. ಕಾಲುಗಳಡಿ ಇಡಲು ಮರದ ತುಂಡು ತಂದಳು.

"ಮನೇನ ಮರಗಾಲಿನ ಮೇಲೆ ನಿಲ್ಲಿಸ್ಬೇಡಮ್ಮ," ಎಂದ ಆರ್ವಿನ್. "ಒಂದು ಗಾಳಿ ಬಂದ್ರೆ ಮಕಾಡೆ ಬೀಳತ್ತೆ."

ಅವಳು ಮರದ ತುಂಡು ಬದಿಗಿಟ್ಟಳು. ಒಣಮಾಂಸ ಜಗಿಯುತ್ತ ಗಾಡಿಯ ಎತ್ತರವನ್ನು ಕಣ್ಣಲ್ಲೇ ಅಳೆದು ಸಲಿಕೆ ತಂದಳು. ಮನೆ ಮೇಲೇಳದಿದ್ದರೆ ಗಾಡಿಯನ್ನು ಕೆಳಗಿಳಿಸಿದರಾಯಿತಲ್ಲ. ಚಕ್ರಗಳ ಜಾಡಿನಲ್ಲಿ ಎರಡು ಉದ್ದನೆಯ ಗುಂಡಿ ತೋಡಿ, ಕನ್ನಡಿಯಲ್ಲಿ ಅಪ್ಪನ ಬೆರಳ ಸನ್ನೆ ನೋಡುತ್ತ ಗಾಡಿಯನ್ನು ಹಿಂದಕ್ಕೆ ತಂದಳು. ಟೈರಿಗೂ ಕಬ್ಬಿಣದ ಕಾಲಿಗೂ ನಡುವೆ ಒಂದು ಅಂಗೈ ತೂರುವಷ್ಟೇ ಜಾಗ. ಎಲ್ಲಿಯೂ ತಾಗಲಿಲ್ಲ. ಆಯುಷ್ಯವೆಲ್ಲ ದನ ಸಾಗಿಸುವ ಗಾಡಿಯನ್ನು ಹಿಂದಕ್ಕೆ ತಂದು ನಿಲ್ಲಿಸಿದವನು ತಾನು, ಇಷ್ಟು ಸಲೀಸಾಗಿ ತನ್ನಿಂದ ಆಗುತ್ತಿರಲಿಲ್ಲ ಎಂದುಕೊಂಡ ಆರ್ವಿನ್. ಬಾಯಿಬಿಟ್ಟು ಹೇಳಿದ್ದು ಮಾತ್ರ "ಪರವಾಗಿಲ್ಲ" ಎಂದು.

ರೋನಾ ಕ್ಯಾಂಪರನ್ನು ಗಾಡಿಯ ಮೇಲೆ ಇಳಿಸಿ, ಸರಪಳಿ ಬಿಗಿದು ಗಾಡಿಯನ್ನು ಗುಂಡಿಯಿಂದ ಮೇಲೆ ತಂದಾಗ ಆರ್ವಿನ್ ಹಿಂದಕ್ಕೆ ಹೋಗಿ ನೋಡಿದ. ಕ್ಯಾಂಪರಿನ ಬಾಗಿಲಿಗೆ ತಾನೇ ಕೂರಿಸಿದ್ದ ಮೆಟ್ಟಿಲು ಈಗ ಸೊಂಟದ ಮಟ್ಟಕ್ಕಿತ್ತು. ಬಿಡಾರದಲ್ಲಿ ಗೆಳೆಯರೆಲ್ಲ ಸೇರಿ ತನ್ನನ್ನು ಕರುವಿನ ಹಾಗೆ ಹಿಂದಿನಿಂದ ನೂಕಿ ಹತ್ತಿಸಬೇಕು. ಅದಕ್ಕಿಂತ ಮನೆಯಲ್ಲಿರುವುದೇ ವಾಸಿ. ಹವಾ ಸರಿಯಿಲ್ಲ, ಈ ಸಲ ನೀನೊಬ್ಬಳೇ ಹೋಗಿ ಬಾ ಎಂದ.

ರೋನಾ ಮೆಟ್ಟಿಲು ನೋಡಿದಳು, ಅವನ ಮಂಡಿ ನೋಡಿದಳು. "ಸಲಿಕೇನ ಗಾಡೀಲಿ ಹಾಕ್ಕೋತೀನಿ ಅಪ್ಪ. ನೀನು ಟೋಪಿ ತಗೊಂಡ್ ಬಾ."

ಬೆಟ್ಟದ ಮೇಲೆ ಗೆಳೆಯರು ಬೆಂಕಿ ಹಾಕಿಕೊಂಡು ಕೂತಿದ್ದರು. ಆರ್ವಿನ್ ಮುಂದಿನ ಸೀಟಿನಿಂದ ಹಿಡಿಕೆ ಹಿಡಿದು ಹೇಗೋ ಇಳಿದ. ರೋನಾ ಯಾರ ಜೊತೆಗೂ ಮಾತಿಗೆ ನಿಲ್ಲದೆ ಅಗೆಯತೊಡಗಿದಳು. ಹಿಂದಿನ ಚಕ್ರಗಳಿಗೆ ಎರಡು ಆಳವಾದ ಗುಂಡಿ, ಮುಂದಿನವಕ್ಕೂ ಅಷ್ಟೇ. ಗಾಡಿಯನ್ನು ಮೆಲ್ಲಗೆ ಅವುಗಳೊಳಗೆ ಇಳಿಸಿದಳು. ಮೆಟ್ಟಿಲು ಮೊಣಕಾಲಿಗಿಂತ ಕೆಳಕ್ಕೆ ಬಂತು.

ಗೆಳೆಯ ಲೈಮನ್ ನಕ್ಕ. "ಅಷ್ಟು ಕಷ್ಟಪಟ್ಟು ಎತ್ತರಿಸಿದ್ದು ಹೂಳೋದಕ್ಕಾ ಮಗಳೇ?"

"ಇಲ್ಲಿ ಗಾಳಿ ಜಾಸ್ತಿ, ಅಂಕಲ್," ಎಂದಳು ರೋನಾ, ಬೆವರು ಒರೆಸಿಕೊಳ್ಳುತ್ತ. "ಎತ್ತರದ ಗಾಡಿ ಅಲ್ಲಾಡತ್ತೆ."

ಬೆಂಕಿಯ ಹೊಗೆ ನೆಟ್ಟಗೆ ಮೇಲಕ್ಕೆ ಹೋಗುತ್ತಿತ್ತು. ಒಂದು ಎಲೆಯೂ ಅಲುಗುತ್ತಿರಲಿಲ್ಲ. ಆರ್ವಿನ್ ಯಾರ ಕೈಯನ್ನೂ ಹಿಡಿಯದೆ ಮೆಟ್ಟಿಲು ಹತ್ತಿ, ಬಾಗಿಲಲ್ಲಿ ನಿಂತು ತಿರುಗಿದ.

"ಹೌದು ಲೈಮನ್, ಭಾರಿ ಗಾಳಿ," ಎಂದ. "ಇದು ನನ್ನ ಮಗಳ ಗಾಡಿ. ಕ್ಯಾಂಪರ್ ಕೂರಿಸಿದ್ದೂ ಅವಳೇ."