ಅಡುಗೆಮನೆಯ ಪ್ರಾರ್ಥನೆ

"ಏನ್ ಬರ್ದಿದೀಯ, ಸ್ವಲ್ಪ ಓದೇ" ಎಂದರು ಹೂವಮ್ಮ. ಭದ್ರಾವತಿ ಬಿಟ್ಟ ಬಸ್ಸು ಶಿವಮೊಗ್ಗ ಮುಟ್ಟಲು ಇನ್ನೂ ಅರ್ಧ ದಾರಿ ಇತ್ತು.

ಸುಶ್ಮಿತಾ ತೊಡೆಯ ಮೇಲಿದ್ದ ಬ್ಯಾಗನ್ನು ಬಿಗಿಯಾಗಿ ಹಿಡಿದುಕೊಂಡಳು. "ಬಸ್ಸಲ್ಲಿ ಬೇಡ ಅತ್ತೆ. ಚರ್ಚಲ್ಲಿ ಕೇಳ್ತೀರಲ್ಲ."

ಪಾಸ್ಟರ್ ನಾಗೇಶ್ ಅವಳಿಗೆ ಹೇಳಿದ್ದರು, "ಶುಭ ಶುಕ್ರವಾರಕ್ಕೆ ಪುಸ್ತಕದ್ದು ಬೇಡಮ್ಮ. ನೀವು ಕನ್ನಡ ಟೀಚರು. ಮನೇಲಿ ಆಡೋ ಮಾತಲ್ಲೇ ಪದ್ಯದ ಹಾಗೆ ಒಂದು ಪ್ರಾರ್ಥನೆ ಬರ್ಕೊಂಡ್ ಬನ್ನಿ." ಎಷ್ಟು ಹೊತ್ತು ಕೂತರೂ 'ಕೃಪಾಮಯನಾದ ತಂದೆಯೇ' ಎಂಬುದರ ಮುಂದೆ ಒಂದಕ್ಷರ ಹುಟ್ಟಿರಲಿಲ್ಲ. ಬುಧವಾರ ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ಅತ್ತೆಯ ದನಿ ಕೇಳಿ ಅವಳು ನಿಂತುಬಿಟ್ಟಳು. ಹೂವಮ್ಮ ರೊಟ್ಟಿ ತಟ್ಟುತ್ತಾ ದೇವರ ಜೊತೆ ಜಗಳಕ್ಕೆ ಬಿದ್ದಿದ್ದರು. "ನಿನ್ ಮಗನ್ನ ಮೂರನೇ ದಿನ ಎಬ್ಬಿಸ್ಕೊಂಡೆ. ನನ್ ಮಗನ್ನ ಎಬ್ಬಿಸೋಕೆ ನಿಂಗೇನಾಗಿತ್ತು?"

ಸುಶ್ಮಿತಾಳ ಗಂಡ ಯುವರಾಜ್ ಆಲ್ಕೊಳ ಸರ್ಕಲ್ಲಿನಲ್ಲಿ ಲಾರಿಗೆ ಸಿಕ್ಕಿ ತೀರಿಕೊಂಡು ಎರಡು ವರ್ಷವಾಗಿತ್ತು. ಅಂದಿನಿಂದ ಅತ್ತೆಯಾಗಲಿ ಸೊಸೆಯಾಗಲಿ ಮನೆಯಲ್ಲಿ ಆ ಹೆಸರೆತ್ತಿರಲಿಲ್ಲ. ಸುಶ್ಮಿತಾ ಸದ್ದಾಗದಂತೆ ಹಿಂದೆ ಸರಿದು, ಕಿವಿಗೆ ಬಿದ್ದದ್ದನ್ನೆಲ್ಲ ಬರೆದುಕೊಂಡಳು. ಅಪ್ಪಣೆ ಕೇಳಲಿಲ್ಲ. ಈಗ ಸಭೆಯೆದುರು ಅದನ್ನು ಅತ್ತೆಯೇ ಕೇಳಬೇಕಲ್ಲ. 'ನನ್ನ ದುಃಖಾನ ಬೀದಿಗೆ ತಂದೆಯಲ್ಲೇ' ಎಂದು ಮಾತು ಬಿಟ್ಟರೆ? ಆ ಮನೆಯಲ್ಲಿ ಅವಳಿಗಿದ್ದದ್ದು ಅವರೊಬ್ಬರೇ.

ಚರ್ಚಿನ ಮೆಟ್ಟಿಲಲ್ಲಿ ಸಭೆಯ ಹಿರಿಯರೊಬ್ಬರು ಬೇರೆ ತಡೆದು, "ದೇವರನ್ನ ಪ್ರಶ್ನೆ ಮಾಡೋ ಹಾಗೇನೂ ಇಲ್ಲ ತಾನೆ ಅದ್ರಲ್ಲಿ?" ಎಂದರು. ಅವಳು ಕೇಳಿಸದವಳಂತೆ ಒಳಗೆ ಹೋದಳು.

ಮಧ್ಯಾಹ್ನ ಎರಡರ ಹೊತ್ತಿಗೆ ಅವಳ ಸರದಿ ಬಂತು. ಒಂದೊಂದು ಸಾಲು ಓದಿದಾಗಲೂ ಸಭೆ "ಕರ್ತನೇ, ಕಿವಿಗೊಡು" ಎನ್ನಬೇಕಿತ್ತು. ಆರಿದ ಒಲೆಯ ಸಾಲಾಯಿತು, ಎರಡೇ ತಟ್ಟೆಯ ಸಾಲಾಯಿತು. ಜನ ಮೆಲ್ಲಗೆ ದನಿಗೂಡಿಸುತ್ತಿದ್ದರು. ಹೆಂಗಸರ ಕಡೆ ಅತ್ತೆ ಕೂತಿದ್ದ ಮೂರನೇ ಬೆಂಚಿನತ್ತ ಅವಳು ತಲೆಯೆತ್ತಲಿಲ್ಲ.

"ನಿನ್ನ ಮಗನನ್ನು ಮೂರನೇ ದಿನ ಎಬ್ಬಿಸಿಕೊಂಡೆ. ನನ್ನ ಮಗನನ್ನು..."

ಅವಳ ಓದು ಅಲ್ಲಿಗೇ ನಿಂತಿತು. ಯಾರೂ ದನಿಗೂಡಿಸಲಿಲ್ಲ. ಬೆಂಚು ಕಿರುಗುಟ್ಟಿದ ಸದ್ದಿಗೆ ನೋಡಿದರೆ ಹೂವಮ್ಮ ಎದ್ದು ನಿಂತಿದ್ದರು.

"ಹೆಸ್ರು ಹಾಕಿಲ್ವೇನೇ?" ಎಂದರು ಹೂವಮ್ಮ, ಮನೆಯಲ್ಲಿ ಮಾತಾಡುವ ದನಿಯಲ್ಲೇ. "ಬರೀ ಮಗ ಅಂದ್ರೆ, ಯಾರ್ ಮಗ ಅಂತ ಆ ದೇವ್ರು ತಿಳ್ಕೋಬೇಕು? ಹೆಸ್ರು ಹೇಳು."

ಸುಶ್ಮಿತಾ ಮೈಕಿನ ಹತ್ತಿರ ಬಾಗಿದಳು.

"ಯುವರಾಜ್" ಎಂದಳು.

ಮೈಕಿನಲ್ಲಿ ಹೆಸರು ದೊಡ್ಡದಾಗಿ ಕೇಳಿಸಿತು. ಆಮೇಲೆ ಹಿಂದುಗಡೆ ಯಾರೋ ಮುದುಕರು ಒಬ್ಬರೇ "ಕರ್ತನೇ, ಕಿವಿಗೊಡು" ಎಂದರು. ಅವರ ಹಿಂದೆ ಉಳಿದವರು ಅಂದರು.

ಹೂವಮ್ಮ ಕೂತರು. ಪಕ್ಕದವಳ ಭುಜ ತಟ್ಟಿ ಆಚೆ ಸರಿಸಿ, ಸೊಸೆ ಬಂದು ಕೂರುವಷ್ಟು ಜಾಗ ಮಾಡಿ, ಅದರ ಮೇಲೆ ಕೈಯಿಟ್ಟುಕೊಂಡರು.